ಕ್ಯಾಮೆರಾ ಇದ್ದಕ್ಕಿದ್ದಂತೆ ನಿಂತರೆ: ರಿಪೇರಿ ಅಂಗಡಿಗೆ ಹೋಗುವ ಮುಂಚೆ

ನಿಮ್ಮ ಕ್ಯಾಮೆರಾ ನೀರಿಗೆ ಬಿದ್ದೋ ಮಳೆಯಲ್ಲಿ ನೆನೆದೋ ನಿಂತಿದ್ದರೆ ಮೊದಲು ಬ್ಯಾಟರಿ ಹೊರಗೆ ತೆಗೆಯಿರಿ. ಈಗಲೇ. ಆನ್ ಆಗುತ್ತದೋ ಇಲ್ಲವೋ ಅಂತ ಒಂದು ಸಲವೂ ಸ್ವಿಚ್ ಹಾಕಿ ನೋಡಬೇಡಿ. ಆಮೇಲೆ ಕೆಳಗೆ ನೀರಿನ ಬಗ್ಗೆ ಬರೆದ ಭಾಗಕ್ಕೆ ನೇರ ಹೋಗಿ.

ಉಳಿದವರು ಚಹಾ ಮಾಡಿಕೊಂಡು ಬಂದು ಓದಬಹುದು. ನೀರು ತಾಗದೆಯೇ ಕ್ಯಾಮೆರಾ ನಿಂತಿದ್ದರೆ ಅಂಥ ಅವಸರವೇನಿಲ್ಲ.

ನಾನು ಕ್ಯಾಮೆರಾ ಮೆಕ್ಯಾನಿಕ್ ಅಲ್ಲ. ಶಿರಸಿ ಕಡೆಯವನು. ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು, ಜೊತೆಗೆ ನೆಂಟರ ಮದುವೆ, ಮುಂಜಿಗೆ ಸಂಬಳವಿಲ್ಲದ ಫೋಟೋಗ್ರಾಫರ್. ನಮ್ಮಲ್ಲಿ ಕ್ಯಾಮೆರಾ ಕೆಟ್ಟರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕು. ಹಾಗಾಗಿ ಕಳಿಸುವ ಮುಂಚೆ ಎಲ್ಲರೂ ಒಮ್ಮೆ ನನ್ನ ಹತ್ತಿರ ತರುತ್ತಾರೆ. "ಸತ್ತೇ ಹೋಗಿದೆ ನೋಡು" ಅಂತ ತಂದುಕೊಟ್ಟವುಗಳಲ್ಲಿ ಬಹುಪಾಲು ಸತ್ತಿರಲಿಲ್ಲ. ತೊಂದರೆ ಇದ್ದದ್ದು ನಮ್ಮ ಬೆರಳು ದಿನಾ ಓಡಾಡುವ ಜಾಗದಲ್ಲಿ. ಬ್ಯಾಟರಿ ಬಾಗಿಲು, ಮೆಮೊರಿ ಕಾರ್ಡಿನ ಗೂಡು, ಲೆನ್ಸ್ ಕೂರುವ ಬಳೆ, ಯಾವುದೋ ಒಂದು ಬಟನ್. ಒಳಗಿನ ಬೋರ್ಡ್ ಸುಟ್ಟು ಹೋದದ್ದು ಕಮ್ಮಿ. ಅದಕ್ಕೇ ಹುಡುಕಾಟ ಹೊರಗಿನಿಂದ ಶುರುವಾಗಬೇಕು, ದುಡ್ಡು ಖರ್ಚಾಗದ ಕಡೆಯಿಂದ.

ಮತ್ತೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಕ್ಯಾಮೆರಾ ನಿಂತಾಗ ಗಡಿಬಿಡಿಯಲ್ಲಿ ಬ್ಯಾಟರಿ ಮತ್ತು ಕಾರ್ಡ್ ಎರಡನ್ನೂ ಒಟ್ಟಿಗೇ ಬದಲಿಸಿದೆ. ಚಾಲೂ ಆಯಿತು. ಬ್ಯಾಟರಿಯೇ ಹಾಳು ಅಂದುಕೊಂಡು ಹೊಸದು ತಂದೆ. ತಿಂಗಳಾದ ಮೇಲೆ ಅದೇ ಹಳೇ ಕಾರ್ಡ್ ಹಾಕಿದಾಗ ಮತ್ತೆ ನಿಂತಿತು. ಬ್ಯಾಟರಿ ಪಾಪ ಚೆನ್ನಾಗಿಯೇ ಇತ್ತು.

ಸತ್ತಿದೆಯೋ, ಹಟ ಮಾಡುತ್ತಿದೆಯೋ

"ಕೆಲಸ ಮಾಡ್ತಿಲ್ಲ" ಅನ್ನುವ ಮಾತಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಒಂದು, ಕರೆಂಟೇ ಒಳಗೆ ಹೋಗುತ್ತಿಲ್ಲ. ಎರಡು, ಕ್ಯಾಮೆರಾ ಎದ್ದಿದೆ, ಆದರೆ ಕ್ಲಿಕ್ ಮಾಡಲು ಒಪ್ಪುತ್ತಿಲ್ಲ. ಮೂರು, ಕ್ಲಿಕ್ ಆಗುತ್ತಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಹಿಂದಿನ ಸ್ಕ್ರೀನ್ ಕಪ್ಪಾಗಿದೆ ಅಂದಮಾತ್ರಕ್ಕೆ ಕರೆಂಟ್ ಇಲ್ಲ ಅಂತಲ್ಲ. ಸ್ವಿಚ್ ಆನ್ ಮಾಡಿ, ಕಿವಿ ಹತ್ತಿರ ಹಿಡಿಯಿರಿ. ಚಿತ್ರ ಹಿಡಿಯುವ ಸೆನ್ಸರ್ ಅಲುಗಿಸಿ ಧೂಳು ಕೊಡವುವ ಸಣ್ಣ ಸದ್ದು ಕೇಳಿಸುತ್ತದಾ? ಕಾರ್ಡಿನ ಪಕ್ಕದ ಪುಟ್ಟ ದೀಪ ಒಮ್ಮೆ ಮಿನುಗುತ್ತದಾ? ಶಟರ್ ಬಟನ್ ಅರ್ಧ ಒತ್ತಿ. ಸುಮಾರು ಸಲ ಕ್ಯಾಮೆರಾ ನಿದ್ದೆ ಮಾಡುತ್ತಿರುತ್ತದೆ ಅಷ್ಟೇ, ಅರ್ಧ ಒತ್ತಿದರೆ ಏಳುತ್ತದೆ.

ಡಿಎಸ್‌ಎಲ್‌ಆರ್ ಅಂದರೆ ಒಳಗೆ ಕನ್ನಡಿ ಇರುವ ದೊಡ್ಡ ಕ್ಯಾಮೆರಾ. ಅದು ಇದ್ದವರಿಗೆ ಇನ್ನೊಂದು ಒಳ್ಳೆಯ ಗುರುತು ಇದೆ. ನಿಕಾನ್ ಡಿ7000, ಕ್ಯಾನನ್ 7ಡಿ ಥರದ ಕ್ಯಾಮೆರಾಗಳಲ್ಲಿ ಬ್ಯಾಟರಿ ತೆಗೆದರೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಒಳಗಿನ ನೋಟವೇ ಮಬ್ಬಾಗುತ್ತದೆ. ಅಲ್ಲಿ ಗೆರೆ, ಚೌಕ ತೋರಿಸಲು ಒಂದು ತೆಳು ಎಲ್‌ಸಿಡಿ ಪದರ ಇರುತ್ತದೆ, ಅದಕ್ಕೆ ಚೂರು ಕರೆಂಟ್ ಬೇಕು. ಬ್ಯಾಟರಿ ಹಾಕಿದಾಗ ನೋಟ ತಿಳಿಯಾದರೆ ಕರೆಂಟ್ ಒಳಗೆ ತಲುಪುತ್ತಿದೆ ಅಂತ ಅರ್ಥ. ಬ್ಯಾಟರಿ ಹಾಕಿದರೂ ಮಬ್ಬಾಗಿಯೇ ಇದ್ದರೆ ತೊಂದರೆ ಬ್ಯಾಟರಿಯಲ್ಲಿದೆ, ಇಲ್ಲವೇ ಅದರಿಂದ ಬೋರ್ಡಿಗೆ ಹೋಗುವ ದಾರಿಯಲ್ಲಿದೆ.

ಬ್ಯಾಟರಿ

ಏನೂ ಮಿಸುಕದಿದ್ದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. "ನಿನ್ನೆ ರಾತ್ರಿ ಫುಲ್ ಚಾರ್ಜ್ ಮಾಡಿದ್ದೆ" ಅನ್ನುವ ಮಾತನ್ನು ನಾನು ಈಗ ನಂಬುವುದಿಲ್ಲ. ಚಾರ್ಜರ್ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸ್ ಸಡಿಲ ಇರುತ್ತದೆ. ರಾತ್ರಿ ಕರೆಂಟ್ ಹೋಗಿರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಅದು ಮಾಮೂಲು.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಎರಡು ನಿಮಿಷದ ಕೆಲಸ. ದೊಡ್ಡ ಕ್ಯಾಮೆರಾಗಳ ಬ್ಯಾಟರಿ ಮೇಲೆ 7.2 ವೋಲ್ಟ್ ಅಥವಾ ಅದರ ಆಸುಪಾಸಿನ ಅಂಕಿ ಇರುತ್ತದೆ. ಒಳಗೆ ಎರಡು ಲಿಥಿಯಂ ಸೆಲ್‌ಗಳು ಒಂದರ ಹಿಂದೆ ಒಂದು. ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ಹತ್ತಿರ ತೋರಿಸಬೇಕು. 7ಕ್ಕೆ ಇಳಿದಿದ್ದರೆ ಹೆಚ್ಚುಕಮ್ಮಿ ಖಾಲಿ. ಸೊನ್ನೆ ತೋರಿಸಿದರೆ ಒಳಗಿನ ರಕ್ಷಣೆಯ ಸರ್ಕ್ಯೂಟ್ ಬಾಗಿಲು ಹಾಕಿಕೊಂಡಿರಬಹುದು. ತಿಂಗಳುಗಟ್ಟಲೆ ಖಾಲಿ ಇಟ್ಟ ಬ್ಯಾಟರಿಗೆ ಹೀಗಾಗುತ್ತದೆ. ಅದರದೇ ಚಾರ್ಜರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕೆಲವು ಎದ್ದು ಬರುತ್ತವೆ, ಕೆಲವು ಇಲ್ಲ. ಸಣ್ಣ ಜೇಬಿನ ಕ್ಯಾಮೆರಾಗಳಲ್ಲಿ ಒಂದೇ ಸೆಲ್, ಪೂರ್ತಿ ಚಾರ್ಜ್ ಅಂದರೆ 4.2 ವೋಲ್ಟ್. ಅಳೆಯುವಾಗ ಮೀಟರ್‌ನ ಎರಡು ಮೊನೆ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

ಆದರೆ ವೋಲ್ಟ್ ಸರಿ ಇದ್ದಾಕ್ಷಣ ಬ್ಯಾಟರಿ ಸರಿ ಅಂತಲ್ಲ. ಹಳೇ ಬ್ಯಾಟರಿ ಸುಮ್ನೆ ಕೂತಾಗ 8 ವೋಲ್ಟ್ ತೋರಿಸುತ್ತದೆ, ಕೆಲಸ ಕೊಟ್ಟರೆ ಕುಸಿದು ಬೀಳುತ್ತದೆ. ಗುರುತು ಹೀಗೆ: ಕ್ಯಾಮೆರಾ ಆನ್ ಆಗುತ್ತದೆ, ಮೆನು ಕಾಣುತ್ತದೆ, ಫೋಕಸ್ ಮೋಟಾರ್ ತಿರುಗಿದಾಗ ಅಥವಾ ಫ್ಲ್ಯಾಶ್ ಎದ್ದಾಗ ತಟ್ಟನೆ ಆರಿಹೋಗುತ್ತದೆ. ಅಗ್ಗಕ್ಕೆ ಸಿಗುವ ಡೂಪ್ಲಿಕೇಟ್ ಬ್ಯಾಟರಿಗಳಲ್ಲಿ ಇದು ಜಾಸ್ತಿ. ಬೇರೆ ಕಂಪನಿಯ ಬ್ಯಾಟರಿಯನ್ನೇ ಬಳಸಬೇಡಿ ಅಂತ ನಾನು ಹೇಳುವುದಿಲ್ಲ, ನಾನೇ ಬಳಸುತ್ತೇನೆ. ಆದರೆ ಹುಡುಕಾಟದ ಹೊತ್ತಿನಲ್ಲಿ ಕ್ಯಾಮೆರಾ ಜೊತೆ ಬಂದ ಅಸಲಿ ಬ್ಯಾಟರಿಯನ್ನೇ ಹಾಕಿ. ಕ್ಯಾಮೆರಾದ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ ಮೇಲೆ ಬೇರೆ ಕಂಪನಿ ಬ್ಯಾಟರಿಯನ್ನು ಗುರುತಿಸದೇ ಹೋಗುವುದೂ ಉಂಟು.

ಬ್ಯಾಟರಿಯ ಲೋಹದ ಪಟ್ಟಿಗಳನ್ನು ಎಣಿಸಿ ನೋಡಿ. ಎರಡು ಮಾತ್ರ ಇರುವುದಿಲ್ಲ, ಮೂರೋ ನಾಲ್ಕೋ ಇರುತ್ತವೆ. ಎರಡು ಕರೆಂಟಿಗೆ. ಉಳಿದವು ಬ್ಯಾಟರಿಯ ಬಿಸಿ ತಿಳಿಸಲು, ಒಳಗಿನ ಚಿಪ್ ಜೊತೆ ಮಾತಾಡಲು. ಆ ಮೂರನೆಯ ಪಟ್ಟಿಗೆ ಬೆವರಿನ ಜಿಡ್ಡು ಹತ್ತಿದರೂ ಕೆಲವು ಕ್ಯಾಮೆರಾ ಆನ್ ಆಗಲು ಒಲ್ಲೆ ಅನ್ನುತ್ತವೆ. ಒಣ ಹತ್ತಿಬಟ್ಟೆಯಿಂದ ಒರೆಸಿ. ಹಸಿರು ಕಿಲುಬು ಕಂಡರೆ ಬಟ್ಟೆಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಕ್ಯಾಮೆರಾ ಒಳಗಿನ ಸ್ಪ್ರಿಂಗ್ ಪಿನ್‌ಗಳನ್ನೂ ಟಾರ್ಚ್ ಹಾಕಿ ನೋಡಿ. ಎಲ್ಲಾ ಒಂದೇ ಎತ್ತರದಲ್ಲಿರಬೇಕು. ಒಂದು ಒಳಗೆ ಕುಸಿದಿದ್ದರೆ ಸಿಕ್ಕಿತು ನಿಮ್ಮ ಕಳ್ಳ.

ಬ್ಯಾಟರಿ ಹೊಟ್ಟೆ ಉಬ್ಬಿ ಗೂಡಿನಿಂದ ಎಳೆದು ತೆಗೆಯಬೇಕಾದರೆ ಅದರ ಕಥೆ ಮುಗಿಯಿತು. ಮತ್ತೆ ಚಾರ್ಜ್‌ಗೆ ಹಾಕಬೇಡಿ. ಚೂಪಾದ್ದರಿಂದ ಮೀಟಿ ತೆಗೆಯಲೂ ಹೋಗಬೇಡಿ, ಲಿಥಿಯಂ ಸೆಲ್‌ಗೆ ತೂತು ಬಿದ್ದರೆ ಬೆಂಕಿ.

ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಇನ್ನೂ ಇಟ್ಟುಕೊಂಡವರು ಇದ್ದಾರೆ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಅದಕ್ಕೆ ಸಾಲದು. ಹೊಸದು ಹಾಕಿದರೂ ಲೆನ್ಸ್ ಅರ್ಧ ಹೊರಬಂದು ನಿಲ್ಲುತ್ತದೆ. ರೀಚಾರ್ಜ್ ಮಾಡುವ ನಿಕಲ್ ಸೆಲ್ ಹಾಕಿ ನೋಡಿ.

ಬಾಗಿಲಿನ ಸಣ್ಣ ಮೊಳೆ

ಬ್ಯಾಟರಿ ಸರಿ, ಪಟ್ಟಿ ಸ್ವಚ್ಛ, ಆದರೂ ಉಸಿರಿಲ್ಲ. ಆಗ ನೋಡಬೇಕಾದ್ದು ಬ್ಯಾಟರಿ ಬಾಗಿಲು. ಇದನ್ನು ಯಾರೂ ನೋಡುವುದಿಲ್ಲ, ನಾನೂ ನೋಡಿರಲಿಲ್ಲ.

ಚಿಕ್ಕಪ್ಪನ ಮಗಳ ಮದುವೆ. ವರಪೂಜೆಗೆಲ್ಲ ಚೆನ್ನಾಗಿ ನಡೆದ ಕ್ಯಾಮೆರಾ, ಬ್ಯಾಟರಿ ಬದಲಿಸಿ ಬಾಗಿಲು ಹಾಕಿದ ಮೇಲೆ ಏಳಲೇ ಇಲ್ಲ. ಮೂರು ಬ್ಯಾಟರಿ ಹಾಕಿ ನೋಡಿದೆ. ಕಾರ್ಡ್ ತೆಗೆದೆ, ಲೆನ್ಸ್ ತೆಗೆದೆ. ಭಾವ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿ, "ಎಂತ ಆಯ್ತಾ ಮಾರಾಯಾ? ಮುಹೂರ್ತಕ್ಕೆ ಇನ್ನು ಹತ್ತೇ ನಿಮಿಷ" ಅಂದರು. ಕೈ ಬೆವರುತ್ತಿತ್ತು. ಬಾಗಿಲು ಹಾಕದೆ ಬೆರಳಲ್ಲಿ ಬ್ಯಾಟರಿ ಒತ್ತಿ ಹಿಡಿದಾಗ ಬೆರಳಿನ ತುದಿ ಗೂಡಿನ ಅಂಚಿಗೆ ತಾಗಿತು. ಕ್ಯಾಮೆರಾ ಒಂದು ಕ್ಷಣ ಕಣ್ಣು ಬಿಟ್ಟು ಮತ್ತೆ ಮುಚ್ಚಿತು!

ಸುಮಾರು ಕ್ಯಾಮೆರಾಗಳಲ್ಲಿ ಗೂಡಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಸ್ವಿಚ್ ಇರುತ್ತದೆ. ಬಾಗಿಲಿನ ಒಳಬದಿಯಲ್ಲಿ ಅದಕ್ಕೆ ಸರಿಯಾಗಿ ಒಂದು ಪ್ಲಾಸ್ಟಿಕ್ ಮೊಳೆ. ಬಾಗಿಲು ಹಾಕಿದಾಗ ಮೊಳೆ ಸ್ವಿಚ್ಚನ್ನು ಒತ್ತುತ್ತದೆ, ಆಗ ಮಾತ್ರ ಕ್ಯಾಮೆರಾ ಆನ್ ಆಗುತ್ತದೆ. ಫೋಟೋ ಬರೆಯುತ್ತಿರುವಾಗ ಯಾರಾದರೂ ಬಾಗಿಲು ತೆರೆದರೆ ಕ್ಯಾಮೆರಾಕ್ಕೆ ಮುಂಚೆಯೇ ಗೊತ್ತಾಗಲಿ ಅಂತ ಈ ಏರ್ಪಾಡು. ನನ್ನ ಕ್ಯಾಮೆರಾದಲ್ಲಿ ವರ್ಷಗಟ್ಟಲೆ ತೆರೆದು ಹಾಕಿ ಆ ಮೊಳೆ ಸವೆದು ಮುರಿದಿತ್ತು. ಬ್ಯಾಟರಿಯಲ್ಲಿ ಪೂರ್ತಿ ಚಾರ್ಜ್ ಇದ್ದರೂ ಕ್ಯಾಮೆರಾದ ಲೆಕ್ಕದಲ್ಲಿ ಬಾಗಿಲು ತೆರೆದೇ ಇತ್ತು.

ಕೈಗೆ ಸಿಕ್ಕಿದ ಲಗ್ನಪತ್ರಿಕೆಯ ಮೂಲೆ ಹರಿದು, ನಾಲ್ಕು ಮಡಿಕೆ ಮಾಡಿ, ಸ್ವಿಚ್ಚಿನ ಮೇಲೆ ಇಟ್ಟು ಬಾಗಿಲು ಹಾಕಿದೆ. ಅಂತರಪಟ ಸರಿಯುವ ಹೊತ್ತಿಗೆ ಕ್ಯಾಮೆರಾ ಸಿದ್ಧವಾಗಿತ್ತು. ಆಮೇಲೆ ಹೊಸ ಬಾಗಿಲು ತರಿಸಿ ಹಾಕಿದೆ. ಸುಮಾರು ಕ್ಯಾಮೆರಾಗಳಲ್ಲಿ ಬ್ಯಾಟರಿ ಬಾಗಿಲು ಸ್ಕ್ರೂ ಇಲ್ಲದೆ ಕೀಲಿನಿಂದ ಕಳಚಿ ಬರುತ್ತದೆ. ಬ್ಯಾಟರಿ ಗ್ರಿಪ್, ಅಂದರೆ ಕೆಳಗೆ ಜೋಡಿಸುವ ಇನ್ನೊಂದು ಬ್ಯಾಟರಿ ಹಿಡಿ, ಹಾಕಲಿ ಅಂತ ಹಾಗೆ ಮಾಡಿರುತ್ತಾರೆ, ನಮಗೂ ಅದರಿಂದ ಅನುಕೂಲ.

ನೀವು ಪರೀಕ್ಷೆ ಮಾಡುವಾಗ ಲೋಹದ ಪಿನ್ ಬಳಸಬೇಡಿ. ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯಿಂದ ಆ ಸ್ವಿಚ್ ಮೆಲ್ಲಗೆ ಒತ್ತಿ ಹಿಡಿದು, ಕ್ಯಾಮೆರಾ ಆನ್ ಮಾಡಿ. ಕಾರ್ಡಿನ ಬಾಗಿಲಿಗೂ ಕೆಲವು ಮಾಡೆಲ್‌ಗಳಲ್ಲಿ ಇದೇ ಥರದ ಸ್ವಿಚ್ ಇರುತ್ತದೆ, ಕ್ಯಾನನ್ ಕ್ಯಾಮೆರಾಗಳಲ್ಲಿ ವಿಶೇಷವಾಗಿ. ಬ್ಯಾಟರಿ ಗ್ರಿಪ್ ಹಾಕಿದ್ದರೆ ಅದನ್ನು ಬಿಚ್ಚಿಟ್ಟು ನೋಡುವುದನ್ನು ಮರೆಯಬೇಡಿ.

ಬೋಳು ಮಾಡಿ ನೋಡುವುದು

ಇನ್ನೂ ಆಗಿಲ್ಲವಾ? ಕ್ಯಾಮೆರಾದ ಮೇಲಿರುವುದನ್ನೆಲ್ಲ ತೆಗೆಯಿರಿ. ಲೆನ್ಸ್, ಕಾರ್ಡ್, ಮೇಲಿನ ಫ್ಲ್ಯಾಶ್, ರಿಮೋಟ್ ವೈರ್, ಗ್ರಿಪ್, ಬ್ಯಾಟರಿ. ಲೆನ್ಸ್ ಜಾಗಕ್ಕೆ ಮುಚ್ಚಳ ಹಾಕಿ. ಇಪ್ಪತ್ತು ನಿಮಿಷ ಹಾಗೇ ಬಿಡಿ. ಕ್ಯಾಮೆರಾವೂ ಒಂದು ಕಂಪ್ಯೂಟರ್, ಮೊಬೈಲ್ ಥರ ಅದೂ ಹ್ಯಾಂಗ್ ಆಗುತ್ತದೆ. ಸ್ವಿಚ್ ಆಫ್ ಮಾಡಿದರೂ ಪೂರ್ತಿ ಆಫ್ ಆಗಿರುವುದಿಲ್ಲ. ಬ್ಯಾಟರಿ ಹೊರಗಿದ್ದರೆ ಮಾತ್ರ ಒಳಗೆ ಉಳಿದ ಚಾರ್ಜ್ ಇಳಿದು, ಹೊಸದಾಗಿ ಏಳುತ್ತದೆ. ಕೆಲವದರಲ್ಲಿ ದಿನಾಂಕ ನೆನಪಿಡಲು ಬೇರೆ ಬಟನ್ ಸೆಲ್ ಇರುತ್ತದೆ. ಬಿಚ್ಚಲು ಸುಲಭವಿದ್ದರೆ ಅದನ್ನೂ ತೆಗೆದು ನೋಡಬಹುದು, ಆಮೇಲೆ ತಾರೀಕು ಮತ್ತೆ ಹಾಕಬೇಕು ಅಷ್ಟೇ.

ಈಗ ಬ್ಯಾಟರಿ ಮಾತ್ರ ಹಾಕಿ ಆನ್ ಮಾಡಿ. ಎದ್ದರೆ ಕಾರ್ಡ್ ಹಾಕಿ ನೋಡಿ. ಆಮೇಲೆ ಲೆನ್ಸ್. ಯಾವುದನ್ನು ಹಾಕಿದಾಗ ಮತ್ತೆ ನಿಲ್ಲುತ್ತದೋ ಅದೇ ಕಾರಣ.

ಕಾರ್ಡಿನಿಂದ ಕ್ಯಾಮೆರಾ ಪೂರ್ತಿ ಸತ್ತಂತೆ ಆಗುತ್ತದೆ ಅಂದರೆ ಜನ ನಂಬುವುದಿಲ್ಲ. ಆದರೆ ಹಾಳಾದ ಕಾರ್ಡನ್ನು ಓದಲು ಹೋಗಿ ಕ್ಯಾಮೆರಾ ಅಲ್ಲೇ ಸಿಕ್ಕಿಬೀಳುವುದು ಇದೆ. ಎಸ್‌ಡಿ ಕಾರ್ಡ್ ಪಕ್ಕದ ಪುಟ್ಟ ಲಾಕ್ ಕೆಳಗೆ ಸರಿದಿದ್ದರೆ ಬರೆಯಲು ಬಿಡುವುದಿಲ್ಲ. ತಮಾಷೆ ಅಂದರೆ ಆ ಲಾಕ್ ಕಾರ್ಡಿನ ಒಳಗೆ ಯಾವುದಕ್ಕೂ ಜೋಡಿಸಿಲ್ಲ. ಅದು ಎಲ್ಲಿದೆ ಅಂತ ಕ್ಯಾಮೆರಾದ ಗೂಡೇ ತಡವಿ ನೋಡುತ್ತದೆ. ಹಾಗಾಗಿ ಲಾಕ್ ಸಡಿಲವಾಗಿ ತಾನೇ ಜಾರುವ ಹಳೇ ಕಾರ್ಡ್ ಬಲು ಕಾಟ ಕೊಡುತ್ತದೆ. ಹಳೇ ಕ್ಯಾಮೆರಾಕ್ಕೆ ಹೊಸ 64 ಜಿಬಿ ಕಾರ್ಡ್ ಹಾಕಿದರೂ ಓದದೇ ಇರಬಹುದು. 32 ಜಿಬಿ ದಾಟಿದ ಮೇಲೆ ಕಾರ್ಡಿನ ಜಾತಿಯೇ ಬೇರೆ, ಎಸ್‌ಡಿಎಕ್ಸ್‌ಸಿ. ಹಳೆಯದಕ್ಕೆ ಅದರ ಪರಿಚಯ ಇಲ್ಲ.

ದೊಡ್ಡ ಚೌಕದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಬಳಸುವವರು ಗೂಡಿನ ಒಳಗೆ ಟಾರ್ಚ್ ಬಿಡಿ. ಅಲ್ಲಿ 50 ಸಣ್ಣ ಪಿನ್‌ಗಳಿರುತ್ತವೆ. ಕಾರ್ಡ್ ಓರೆಯಾಗಿ ತುರುಕಿ ಒಂದು ಪಿನ್ ಬಾಗಿದರೂ ಸಾಕು. ಅದನ್ನು ನೇರ ಮಾಡಲು ಸೂಜಿ ಹಿಡಿದು ಕೂರಬೇಡಿ. ನಾನು ಕೂತು ಒಂದನ್ನು ಮುರಿದಿದ್ದೇನೆ.

ಕಾರ್ಡೇ ಹಾಳಾಗಿದ್ದರೆ, ಕ್ಯಾಮೆರಾ ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದಾಗ ಹೂಂ ಅನ್ನಬೇಡಿ. ಕಾರ್ಡ್ ಹೊರಗೆ ತೆಗೆದಿಟ್ಟು ಕಂಪ್ಯೂಟರ್‌ನಲ್ಲಿ ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶದಿಂದ ಫೋಟೋಗಳನ್ನು ಮೊದಲು ಎತ್ತಿಕೊಳ್ಳಿ. ಎತ್ತಿದ್ದನ್ನು ಅದೇ ಕಾರ್ಡಿಗೆ ಬರೆಯಬೇಡಿ, ಬೇರೆ ಕಡೆ ಇಡಿ.

ಲೆನ್ಸ್ ಹಾಕಿದಾಗ ನಿಲ್ಲುತ್ತದೆ ಅಂದರೆ ಲೆನ್ಸಿನ ಹಿಂದಿನ ಚಿನ್ನದ ಬಣ್ಣದ ಚುಕ್ಕಿಗಳನ್ನು ಒರೆಸಿ, ಮತ್ತೆ ಟಕ್ ಅನ್ನುವವರೆಗೆ ತಿರುಗಿಸಿ ಕೂರಿಸಿ. ಬೇರೆ ಲೆನ್ಸ್ ಹಾಕಿದರೆ ನಡೆಯುತ್ತದೆ, ಇದು ಮಾತ್ರ ಆಗಲ್ಲ ಅಂತಾದರೆ ರಿಪೇರಿಗೆ ಲೆನ್ಸ್ ಕಳಿಸಿದರೆ ಸಾಕು.

ಎದ್ದಿದೆ, ಆದರೆ ಕ್ಲಿಕ್ ಆಗಲ್ಲ

ಇದು ಹಟ. ಮತ್ತು ಹಟಕ್ಕೆ ಕಾರಣ ಬಹಳ ಸಲ ನಾವೇ.

ಸ್ಕ್ರೀನಿನಲ್ಲೋ ಕ್ಯಾಮೆರಾದ ಮೇಲ್ಭಾಗದ ಪುಟ್ಟ ಪರದೆಯಲ್ಲೋ ಏನಾದರೂ ಅಕ್ಷರ ಮಿನುಗುತ್ತಿದೆಯಾ ನೋಡಿ, ಬರೆದುಕೊಳ್ಳಿ. ನಿಕಾನ್‌ನಲ್ಲಿ "ಎಫ್‌ಇಇ" ಅಂತ ಬಂದರೆ ಹೆದರಬೇಡಿ. ಹಳೇ ಲೆನ್ಸಿನ ಅಪರ್ಚರ್ ಬಳೆಯನ್ನು ಅತಿ ಸಣ್ಣ ಕಿಂಡಿಗೆ, ಅಂದರೆ 22 ಅಥವಾ 16ರಂಥ ದೊಡ್ಡ ಅಂಕಿಗೆ ತಿರುಗಿಸಿ ಅಂತ ಅದರ ಅರ್ಥ. "ಇ" ಅಕ್ಷರದ ಎರಡೂ ಕಡೆ ಅಡ್ಡಗೆರೆ ಬಂದರೆ ಕಾರ್ಡ್ ಇಲ್ಲ ಅಂತ. ಕ್ಯಾನನ್‌ನಲ್ಲಿ "ಎರರ್ 01" ಬಂದರೆ ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಮಾತು ಕಡಿದಿದೆ, ಚುಕ್ಕಿ ಒರೆಸಿ. "02" ಬಂದರೆ ಕಾರ್ಡ್ ತಕರಾರು. ಹಳೇ ಮಾಡೆಲ್‌ಗಳಲ್ಲಿ "99" ಬಂದರೆ ಏನು ಬೇಕಾದರೂ ಆಗಿರಬಹುದು. ಡಾಕ್ಟರು ವೈರಲ್ ಅಂದ ಹಾಗೆ.

ಯಾವ ಅಕ್ಷರವೂ ಇಲ್ಲದಿದ್ದರೆ ಲೆನ್ಸಿನ ಪಕ್ಕದ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ತಳ್ಳಿ ಬಟನ್ ಒತ್ತಿ. ಕ್ಲಿಕ್ ಆಯಿತಾ? ಹಾಗಾದರೆ ಕ್ಯಾಮೆರಾ ಕೆಟ್ಟಿಲ್ಲ. ಫೋಕಸ್ ಸಿಗದೆ ಕಾಯುತ್ತಿತ್ತು. ಬಿಳಿ ಗೋಡೆ, ಕತ್ತಲೆ ಗರ್ಭಗುಡಿ, ತೀರಾ ಹತ್ತಿರದ ಹೂವು, ಇವುಗಳಲ್ಲಿ ಹೀಗಾಗುತ್ತದೆ. ಟೈಮರ್ ಹಾಕಿಟ್ಟು ಮರೆತಿರಬಹುದು. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಕ್ಕೆ, ಕೈಯಿಂದಲೇ ಫೋಕಸ್ ಮಾಡುವ ಹಳೇ ಲೆನ್ಸನ್ನು ಅಡಾಪ್ಟರ್‌ನಲ್ಲಿ ಕೂರಿಸಿದ್ದರೆ, ಲೆನ್ಸೇ ಇಲ್ಲ ಅಂದುಕೊಂಡು ಕ್ಲಿಕ್ ಮಾಡುವುದಿಲ್ಲ. ಲೆನ್ಸ್ ಇಲ್ಲದೆಯೂ ಕ್ಲಿಕ್ ಆಗಲಿ ಅನ್ನುವ ಆಯ್ಕೆ ಮೆನುವಿನಲ್ಲಿ ಹುಡುಕಿ.

ಮಿರರ್‌ಲೆಸ್ ಇರುವವರಿಗೆ ಇನ್ನೊಂದು. ಹಿಂದಿನ ಸ್ಕ್ರೀನ್ ಕಪ್ಪು, ಕ್ಯಾಮೆರಾ ಸತ್ತಿದೆ ಅನ್ನುತ್ತೀರಿ. ಕಣ್ಣಿಡುವ ಕಿಂಡಿಯ ಹತ್ತಿರ ಒಂದು ಸೆನ್ಸರ್ ಇರುತ್ತದೆ. ಕಣ್ಣು ಬಂತು ಅಂತ ಅದಕ್ಕೆ ಅನ್ನಿಸಿದರೆ ಸ್ಕ್ರೀನ್ ಆರಿಸಿ ಚಿತ್ರವನ್ನು ಕಿಂಡಿಗೆ ಕಳಿಸುತ್ತದೆ. ಅದರ ಮೇಲೆ ಕೊರಳಪಟ್ಟಿ ಬಿದ್ದಿದ್ದರೂ, ವಿಭೂತಿಯ ಕಲೆ ಕೂತಿದ್ದರೂ ಕಣ್ಣೇ ಇದೆ ಅಂದುಕೊಳ್ಳುತ್ತದೆ. ಕಿಂಡಿಯಲ್ಲಿ ಇಣುಕಿ, ಒಳಗೆ ಚಿತ್ರ ಇದ್ದರೆ ಒರೆಸಿದರೆ ಸರಿಯಾಯಿತು.

ಜೇಬಿನ ಕ್ಯಾಮೆರಾದ ಲೆನ್ಸ್ ಹೊರಬಂದು ಅಲ್ಲೇ ನಿಂತು, ಲೆನ್ಸ್ ಎರರ್ ಅಂತ ತೋರಿಸಿದರೆ ಕಾರಣ ಹೆಚ್ಚಾಗಿ ಮರಳು. ಗೋಕರ್ಣಕ್ಕೆ ಹೋಗಿ ಬಂದವರ ಕ್ಯಾಮೆರಾಗಳಲ್ಲಿ ಇದನ್ನು ಬೇಕಾದಷ್ಟು ಕಂಡಿದ್ದೇನೆ. ಲೆನ್ಸನ್ನು ಕೆಳಮುಖ ಮಾಡಿ, ರಬ್ಬರ್ ಬ್ಲೋವರ್‌ನಿಂದ ಬಳೆಗಳ ಸಂದಿಗೆ ಗಾಳಿ ಊದಿ. ಬಾಯಿಂದ ಊದಬೇಡಿ, ಎಂಜಲು ಒಳಗೆ ಹೋಗುತ್ತದೆ. ಅಂಗೈಗೆ ಮೆಲ್ಲಗೆ ತಟ್ಟಿ, ಆನ್ ಮಾಡಿ. ಮೇಜಿಗೆ ಕುಟ್ಟಿ ಸರಿ ಮಾಡುವ ವಿಡಿಯೋಗಳು ಇವೆ. ಕುಟ್ಟಿದ ಮೇಲೆ ಹಾಳಾದವರು ವಿಡಿಯೋ ಹಾಕುವುದಿಲ್ಲ ಅಲ್ವಾ?

ಕ್ಲಿಕ್ ಆಗುತ್ತದೆ, ಚಿತ್ರ ಕಪ್ಪು

ಲೆನ್ಸ್ ಮುಚ್ಚಳ ತೆಗೆದಿದ್ದೀರಾ? ಕೇಳಿದ್ದಕ್ಕೆ ಬೇಜಾರು ಬೇಡ, ನನ್ನ ಭಾವನನ್ನೂ ಕೇಳಬೇಕಾಯಿತು.

ಚಿತ್ರದ ಒಂದು ಭಾಗ ಮಾತ್ರ ಕಪ್ಪು ಪಟ್ಟಿಯಾಗಿ ಬರುತ್ತಿದ್ದರೆ, ಹೊರಗಿನ ಫ್ಲ್ಯಾಶ್ ತೆಗೆದು ಮತ್ತೆ ನೋಡಿ. ಫ್ಲ್ಯಾಶ್ ಹಾಕಿದಾಗ ಮಾತ್ರ ಹಾಗಾದರೆ ಶಟರ್ ವೇಗ ಜಾಸ್ತಿ ಇಟ್ಟಿದ್ದೀರಿ, 1/200ಕ್ಕಿಂತ ಕೆಳಗೆ ಇಳಿಸಿ. ಫ್ಲ್ಯಾಶ್ ಇಲ್ಲದೆಯೂ ಪಟ್ಟಿ ಬಂದರೆ ಶಟರಿನ (ಬೆಳಕು ಬಿಡಲು ತೆರೆದು ಮುಚ್ಚುವ ಪರದೆಯ) ಎಸಳು ಸಿಕ್ಕಿಕೊಂಡಿದೆ ಅಥವಾ ಮುರಿದಿದೆ. ಶಟರಿಗೂ ಒಂದು ಆಯಸ್ಸು ಇದೆ. ಡಿ7000ದ ಶಟರನ್ನು 1,50,000 ಕ್ಲಿಕ್‌ವರೆಗೆ ಪರೀಕ್ಷಿಸಿದ್ದರು. ಕ್ಯಾನನ್ 1ಡಿ ಎಕ್ಸ್‌ಗೆ 4,00,000. ಅದು ಮಾತು ಕೊಟ್ಟ ಹಾಗಲ್ಲ, ಅಂದಾಜು. ಶಟರ್ ಎಸಳು ಬೆರಳು ತಾಗಿದರೂ ಬಾಗುವಷ್ಟು ತೆಳು. ಮುಟ್ಟಬೇಡಿ.

ಅಟ್ಟದಲ್ಲಿ 2003-04ರ ಹಳೇ ಕ್ಯಾಮೆರಾ ಸಿಕ್ಕಿ, ಅದರ ಚಿತ್ರ ನೇರಳೆ ಗೆರೆಗಳಿಂದ ತುಂಬಿದ್ದರೆ ಅದು ನಿಮ್ಮ ತಪ್ಪಲ್ಲ. ಆ ಕಾಲದ ಸೋನಿ ಸಿಸಿಡಿ ಸೆನ್ಸರ್‌ಗಳಲ್ಲಿ ಸೆಕೆ ಮತ್ತು ತೇವಕ್ಕೆ ಒಳಗಿನ ತಂತಿಯ ಬೆಸುಗೆ ಬಿಡುತ್ತಿತ್ತು. ಅದೇ ಸೆನ್ಸರ್ ಕ್ಯಾನನ್, ನಿಕಾನ್, ಫ್ಯೂಜಿ ಕ್ಯಾಮೆರಾಗಳಲ್ಲೂ ಇತ್ತು. 2005ರ ಅಕ್ಟೋಬರ್‌ನಲ್ಲಿ ಕಂಪನಿಗಳು ಒಂದರ ಹಿಂದೆ ಒಂದು ಪ್ರಕಟಣೆ ಹೊರಡಿಸಿ, ವಾರಂಟಿ ಮುಗಿದಿದ್ದರೂ ಉಚಿತವಾಗಿ ರಿಪೇರಿ ಮಾಡಿಕೊಟ್ಟವು. ಸೆಕೆ, ತೇವ ಎರಡೂ ಇರುವುದು ನಮ್ಮ ಕರಾವಳಿಯಲ್ಲೇ. ಈಗ ಆ ಸೌಲಭ್ಯ ಇಲ್ಲ, ಕ್ಯಾಮೆರಾ ಶೋಕೇಸಿಗೆ.

ನೀರು

ಬ್ಯಾಟರಿ ತೆಗೆದಿಟ್ಟು ಬಂದಿದ್ದೀರಿ ತಾನೇ? ಹಾಗಾದರೆ ಮುಂದಿನದು.

ಕ್ಯಾಮೆರಾ ಸಾಯುವುದು ಒದ್ದೆಯಾದ್ದರಿಂದ ಅಷ್ಟಾಗಿ ಅಲ್ಲ, ಒದ್ದೆ ಇದ್ದಾಗ ಕರೆಂಟ್ ಹರಿದಿದ್ದರಿಂದ. ಕಾರ್ಡ್ ತೆಗೆಯಿರಿ, ಎಲ್ಲಾ ಬಾಗಿಲು ತೆರೆದಿಡಿ. ಹೊರಗಿನ ನೀರು ಒರೆಸಿ. ಲೆನ್ಸ್ ಬಿಚ್ಚಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಇಡಿ. ಫ್ಯಾನ್ ಗಾಳಿ ಸಾಕು. ಹೇರ್ ಡ್ರೈಯರ್ ಬೇಡ, ಅದು ನೀರನ್ನು ಇನ್ನೂ ಒಳಗೆ ತಳ್ಳುತ್ತದೆ, ಅಂಟನ್ನು ಮೆತ್ತಗೆ ಮಾಡುತ್ತದೆ. ಬಿಸಿಲಲ್ಲೂ ಇಡಬೇಡಿ. ಆಮೇಲೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ಮೂರು ದಿನ.

ಅಕ್ಕಿ ಡಬ್ಬಿಯಲ್ಲಿ ಹೂಳುವ ಕ್ರಮ ಇದೆಯಲ್ಲ, ಅದು ಬೇಡ. ಅಕ್ಕಿ ಅಂಥಾ ತೇವ ಹೀರುವುದಿಲ್ಲ. ಅಕ್ಕಿಯ ಹಿಟ್ಟು ಸಂದಿಗಳಿಗೆ ಸೇರಿ ಅಲ್ಲೇ ಗಂಜಿಯಾಗುತ್ತದೆ. ಅತ್ತೆಯವರು ಕಾಳಜಿಯಿಂದ ಹೂತಿಟ್ಟಿದ್ದ ಒಂದು ಕ್ಯಾಮೆರಾದ ಜೂಮ್ ಬಳೆಯಿಂದ ನಾನು ಸೋನಾ ಮಸೂರಿಯ ನುಚ್ಚು ತೆಗೆದಿದ್ದೇನೆ.

ಸಮುದ್ರದ ನೀರಾದರೆ ಲೆಕ್ಕ ಬೇರೆ. ನೀರು ಒಣಗಿದರೂ ಉಪ್ಪು ಉಳಿಯುತ್ತದೆ, ತೇವ ಎಳೆದುಕೊಂಡು ಬೋರ್ಡ್ ತಿನ್ನುತ್ತಲೇ ಇರುತ್ತದೆ. ಮನೆಮದ್ದು ಬಿಟ್ಟು ಆದಷ್ಟು ಬೇಗ ರಿಪೇರಿಯವರಿಗೆ ಕೊಡಿ. ಬೆಲೆ ಕೇಳಿದ ಮೇಲೆ ಹೊಸದೇ ವಾಸಿ ಅನ್ನಿಸಬಹುದು, ಅದಕ್ಕೂ ಸಿದ್ಧರಾಗಿ.

ಜೋಗದ ಮುಂದೆ ನಿಂತಾಗ ಬರುವ ತುಂತುರು, ಆಗುಂಬೆಯ ಮಂಜು, ಇವು ನೀರಿನ ಹಾಗೆ ಕಾಣುವುದಿಲ್ಲ, ಆದರೆ ಬಟನ್‌ಗಳ ಸಂದಿಗೆ ಇಳಿಯುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ. ಅಲ್ಲಿಂದ ಬಂದ ಮೇಲೆ ಮೆನು ತಾನೇ ತಾನೇ ಓಡುತ್ತಿದ್ದರೆ, ಒಂದು ಬಟನ್ ಒಳಗೆ ತೇವ ಕೂತು ಸದಾ ಒತ್ತಿದ ಹಾಗೆ ಆಗಿದೆ. ಒಣಗಿಸಿದರೆ ಸರಿಹೋಗುವುದೇ ಜಾಸ್ತಿ.

ಮಂಗಳೂರಿನಲ್ಲಿ ಎಸಿ ಕಾರಿನಿಂದ ಇಳಿದು ಕ್ಯಾಮೆರಾ ಹೊರತೆಗೆದಾಗ ಮಂಜು ಕವಿಯುತ್ತದಲ್ಲ, ಅದು ಹೊರಗೆ ಮಾತ್ರ ಆಗುವುದಿಲ್ಲ, ಒಳಗೂ ಆಗುತ್ತದೆ. ಬ್ಯಾಗ್ ಮುಚ್ಚಿಯೇ ಅರ್ಧ ಗಂಟೆ ಹೊರಗೆ ಇಟ್ಟು ಆಮೇಲೆ ತೆಗೆಯಿರಿ.

ಸಿಲಿಕಾ ಜೆಲ್ ಬಣ್ಣ ಬದಲಿಸಿದರೆ ಅದರ ಹೊಟ್ಟೆ ತುಂಬಿದೆ ಅಂತ. ನೀಲಿಯದು ಗುಲಾಬಿ ಆಗುತ್ತದೆ. ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ನೀಲಿಯದರಲ್ಲಿ ವಿಷದ ಅಂಶ ಇದೆ, ಆ ಬಾಣಲೆ ಮತ್ತೆ ಅಡುಗೆಗೆ ಬೇಡ.

ಎಲ್ಲಿ ಕೈ ಬಿಡಬೇಕು

ಸ್ಕ್ರೂ ಬಿಚ್ಚುವ ಆಸೆ ಬಂದಾಗ. ಫ್ಲ್ಯಾಶ್ ಇರುವ ಕ್ಯಾಮೆರಾದ ಒಳಗೆ ಅದಕ್ಕೆಂದೇ ಒಂದು ಕೆಪಾಸಿಟರ್ ಇರುತ್ತದೆ, 300 ವೋಲ್ಟ್ ತನಕ ತುಂಬಿಕೊಂಡಿರುತ್ತದೆ. ಬ್ಯಾಟರಿ ತೆಗೆದು ಎಷ್ಟೋ ಹೊತ್ತಾದರೂ ಒದೆಯುತ್ತದೆ. ಜೇಬಿನ ಕ್ಯಾಮೆರಾ ಪುಟ್ಟದು ಅಂತ ಸದರ ಬೇಡ, ಅದರಲ್ಲೇ ಬೆರಳು ತಾಗುವುದು ಸುಲಭ.

ಸುಟ್ಟ ವಾಸನೆ ಬಂದರೆ, ಡಿಎಸ್‌ಎಲ್‌ಆರ್‌ನ ಕನ್ನಡಿ ಅರ್ಧಕ್ಕೆ ನಿಂತರೆ, ಬಿದ್ದ ಮೇಲೆ ಒಳಗೆ ಏನೋ ಲೊಟಲೊಟ ಅಂದರೆ, ಅಲ್ಲಿಗೆ ನಿಲ್ಲಿಸಿ. ಬೇರೆ ಚಾರ್ಜರ್ ಅಥವಾ ಅಡಾಪ್ಟರ್ ಸಿಕ್ಕಿಸಿದ ತಕ್ಷಣ ಸತ್ತಿದ್ದರೆ ಬೋರ್ಡಿನ ಮೇಲಿನ ಸಾಸಿವೆಗಾತ್ರದ ಫ್ಯೂಸ್ ಹೋಗಿರಬಹುದು. ಗೊತ್ತಿದ್ದವರಿಗೆ ಅದು ಸಣ್ಣ ಕೆಲಸ, ಬೋರ್ಡೇ ಬದಲಿಸಬೇಕು ಅಂದರೆ ಇನ್ನೊಬ್ಬರನ್ನು ಕೇಳಿ.

ಕೊಡುವಾಗ ಬಾಯಲ್ಲಿ ಹೇಳಬೇಡಿ, ಚೀಟಿ ಬರೆದು ಕೊಡಿ. ಯಾವಾಗ ನಿಂತಿತು, ನಿಲ್ಲುವ ಮುಂಚೆ ಏನು ಮಾಡುತ್ತಿದ್ದಿರಿ, ಯಾವ ಅಕ್ಷರ ತೋರಿಸಿತು, ಏನೇನು ಬದಲಿಸಿ ನೋಡಿದಿರಿ. ನೀರು ಬಿದ್ದಿದ್ದರೆ ಮುಚ್ಚಿಡಬೇಡಿ, ಬಿಚ್ಚಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ರಿಪೇರಿಗೆ ಎಷ್ಟಾಗುತ್ತದೆ ಅಂತ ಮೊದಲು ತಿಳಿಸಿ, ನಾನು ಹೂಂ ಅಂದ ಮೇಲೆ ಕೆಲಸ ಶುರು ಮಾಡಿ ಅಂತ ಅದೇ ಚೀಟಿಯಲ್ಲಿ ಸೇರಿಸಿ. ಅದೇ ಮಾಡೆಲ್ ಸೆಕೆಂಡ್‌ಹ್ಯಾಂಡ್ ಎಷ್ಟಕ್ಕೆ ಸಿಗುತ್ತದೆ ಅಂತ ನೋಡಿಟ್ಟುಕೊಂಡು ಹೋದರೆ ಮಾತು ಸುಲಭ. ಕ್ಯಾಮೆರಾದ ತಳದ ಸೀರಿಯಲ್ ನಂಬರಿನ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಕಾರ್ಡ್, ಕೊರಳಪಟ್ಟಿ, ಲೆನ್ಸ್ ಮನೆಗೆ ತನ್ನಿ. ಬ್ಯಾಟರಿ ಮೇಲೆ ಅನುಮಾನ ಇದ್ದರೆ ಅದನ್ನು ಮಾತ್ರ ಜೊತೆಗೆ ಬಿಟ್ಟು, ರಸೀದಿಯಲ್ಲಿ ಬರೆಸಿಕೊಳ್ಳಿ.